ನೈಗ್ರಿಪಿನ್ನಿಸ್ ಮೊಟ್ಟೆಗೆ 12 ವಾರ ತುಂಬಿದೆ, ಹೊರಗೆ ಬೇಸಿಗೆ: ಈಗಲೇ ನೆನೆಸುವುದೋ, ಕಾಯುವುದೋ?

ಬನಶಂಕರಿ ಟ್ಯಾಂಕ್:
ಆಸ್ಟ್ರೋಲೆಬಿಯಾಸ್ ನೈಗ್ರಿಪಿನ್ನಿಸ್ ಎಂಬ ವಾರ್ಷಿಕ ಕಿಲ್ಲಿ ಮೀನಿನ (ಗುಂಡಿ ಒಣಗಿದಾಗ ಮೀನು ಸತ್ತು, ಮಣ್ಣಲ್ಲಿ ಉಳಿದ ಮೊಟ್ಟೆ ಮತ್ತೆ ನೀರು ಬಂದಾಗ ಮರಿಯಾಗುವ ಜಾತಿ) ಮೊಟ್ಟೆಯ ಚೀಲ ಒಂದಿದೆ. ಮೊಟ್ಟೆಯಿರುವ ಪೀಟನ್ನು (ಕೊಳೆತ ಪಾಚಿಯ ಪುಡಿ) ಟ್ಯಾಂಕಿನಿಂದ ತೆಗೆದ ದಿನ ಡಿಸೆಂಬರ್ 20, ಅದರ ಕೆಳಗೆ '12 ವಾರ' ಅಂತ ಬರೆದಿದೆ. ಅಂದರೆ ಮಾರ್ಚ್ 14ಕ್ಕೇ ಅವಧಿ ಮುಗಿಯಿತು. ಸುಮಾರು 60 ಮೊಟ್ಟೆ ಇರಬಹುದು. ಈಗ ಮಾರ್ಚ್ ಕೊನೆ, ಮಧ್ಯಾಹ್ನ ಕೋಣೆ 31 ಡಿಗ್ರಿ, ಟ್ಯಾಂಕಿನ ನೀರು 28. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 640, ಆರ್‌ಒ ಇದೆ. ಈಗಲೇ ನೀರಲ್ಲಿ ನೆನೆಸಿ ಮರಿ ಮಾಡಿಸಬೇಕೇ? ತಡ ಮಾಡಿದರೆ ಮೊಟ್ಟೆ ಸಾಯುತ್ತವೆಯೇ? ಮೊಟ್ಟೆ ಇಡಿಸಲು ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಸಾಕೇ, ಸ್ಫ್ಯಾಗ್ನಮ್ ಪೀಟೇ ಬೇಕೇ?

ಕೆಸರುಮೊಟ್ಟೆ:
ತಾರೀಖು ನೋಡಿ ನೆನೆಸಬೇಡಿ, ಕಣ್ಣು ನೋಡಿ ನೆನೆಸಿ. ಚೀಲದ ಮೇಲಿನ '12 ವಾರ' ಕಳಿಸಿದವರ ಮನೆಯ ಉಷ್ಣಾಂಶದ ಲೆಕ್ಕ. 25 ಡಿಗ್ರಿಯಲ್ಲಿಟ್ಟ ಚೀಲ ಬೇಗ ಬಲಿಯುತ್ತದೆ, 20ರಲ್ಲಿಟ್ಟದ್ದು ಇನ್ನೂ ಎಷ್ಟೋ ವಾರ ಎಳೆಯುತ್ತದೆ. ಒಂದೇ ದಿನ ಇಟ್ಟ ಮೊಟ್ಟೆಗಳೂ ಒಂದೇ ದಿನ ಬಲಿಯುವುದಿಲ್ಲ.

ವಾರ್ಷಿಕ ಕಿಲ್ಲಿಗಳ ಭ್ರೂಣ ಮೂರು ಕಡೆ ನಿಂತು ಕಾಯಬಲ್ಲದು. 1972ರಲ್ಲಿ ವೂರ್ಮ್ಸ್ ಎಂಬ ವಿಜ್ಞಾನಿ ಇದನ್ನು ಡಯಾಪಾಸ್ ಒಂದು, ಎರಡು, ಮೂರು ಎಂದು ವಿಂಗಡಿಸಿದರು. ಒಂದರಲ್ಲಿ ಜೀವಕೋಶಗಳು ಚೆದುರಿಕೊಂಡಿರುತ್ತವೆ, ಮೊಟ್ಟೆ ಖಾಲಿ ಗಾಜಿನ ಮಣಿಯಂತೆ ಕಾಣುತ್ತದೆ. ಎರಡರಲ್ಲಿ ದೇಹದ ಗೆರೆ ಮೂಡಿರುತ್ತದೆ, ಕಣ್ಣಿನ ಕಪ್ಪು ಬಂದಿರುವುದಿಲ್ಲ. ಮೂರರಲ್ಲಿ ಮರಿ ಪೂರ್ತಿ ತಯಾರಾಗಿ ಮೊಟ್ಟೆಯೊಳಗೆ ಸುತ್ತಿಕೊಂಡು ಮಲಗಿರುತ್ತದೆ. ನೀರಿಗೆ ಹಾಕಬೇಕಾದದ್ದು ಮೂರನೆಯ ಹಂತದವನ್ನು ಮಾತ್ರ.

ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಅಕ್ಕಸಾಲಿಗರು ಬಳಸುವ 10 ಪಟ್ಟಿನ ಭೂತಗನ್ನಡಿ ಸಿಗುತ್ತದೆ, ಅದು ಸಾಕು. ಬಿಳಿ ತಟ್ಟೆಯ ಮೇಲೆ ಒಂದು ಚಮಚ ಪೀಟ್ ಹರಡಿ, ಪಕ್ಕದಿಂದ ಟಾರ್ಚ್ ಬಿಡಿ. ಮೊಟ್ಟೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು. ಬದುಕಿರುವ ಮೊಟ್ಟೆ ಬೇಯಿಸಿದ ಸಬ್ಬಕ್ಕಿಯ ಹಾಗೆ, ಒಳಗೆಲ್ಲ ಕಾಣುತ್ತದೆ. ಸತ್ತದ್ದು ಹಸಿ ಸಬ್ಬಕ್ಕಿಯ ಹಾಗೆ ಸುಣ್ಣದ ಬಿಳಿ. ಬಲಿತ ಮೊಟ್ಟೆಯಲ್ಲಿ ಎರಡು ಕಪ್ಪು ಕಣ್ಣು ಎದ್ದು ಕಾಣುತ್ತವೆ, ಪ್ರತಿ ಕಣ್ಣಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಬಂಗಾರದ ಬಳೆ. ಆ ಬಳೆ ಸ್ಪಷ್ಟವಾಗಿ ಹೊಳೆದರೆ ತಯಾರು ಅಂತ ಅರ್ಥ. ಬರೀ ಕಪ್ಪು ಚುಕ್ಕೆ ಇದ್ದರೆ ಇನ್ನೂ ಎರಡು-ಮೂರು ವಾರ ಬಿಡಿ.

ಹತ್ತು ಮೊಟ್ಟೆ ನೋಡಿ. ಏಳೆಂಟರಲ್ಲಿ ಬಂಗಾರದ ಕಣ್ಣಿದ್ದರೆ ಮಾತ್ರ ನೆನೆಸುವ ಯೋಚನೆ ಮಾಡಿ.

ಮೊಯ್ನಾ ಡಬ್ಬಿ:
ಕಣ್ಣು ಬಂದಿದ್ದರೆ ನೆನೆಸಿಯೇ ಬಿಡಿ. ತಯಾರಾದ ಮೊಟ್ಟೆಯನ್ನು ಈ ಸೆಕೆಯಲ್ಲಿ ಇಟ್ಟುಕೊಂಡರೆ ಭ್ರೂಣ ತನ್ನ ಹಳದಿಯನ್ನೇ ತಿಂದು ಸೊರಗುತ್ತದೆ. ಆಮೇಲೆ ಹುಟ್ಟುವ ಮರಿಗಳು ಈಜುಚೀಲ ತುಂಬಿಸಿಕೊಳ್ಳಲಾಗದೆ ತಳದಲ್ಲೇ ಹೊಟ್ಟೆಯ ಮೇಲೆ ತೆವಳುತ್ತವೆ. ಅಂಥವು ಬದುಕುವುದಿಲ್ಲ.

ಹಳೇ ಗಾಜು:
ಇಲ್ಲಿ ನನ್ನ ಒಪ್ಪಿಗೆ ಇಲ್ಲ. ಏಪ್ರಿಲ್‌ನಲ್ಲಿ ಹುಟ್ಟಿದ ನೈಗ್ರಿಪಿನ್ನಿಸ್ ಮರಿ 29-30 ಡಿಗ್ರಿ ನೀರಲ್ಲಿ ಬೆಳೆಯಬೇಕಾಗುತ್ತದೆ. ಅರ್ಜೆಂಟೀನಾ, ಉರುಗ್ವೆ ಕಡೆಯ ಹುಲ್ಲುಗಾವಲಿನ ಕೆರೆಗುಂಡಿಗಳ ಮೀನು ಇದು. ಅಲ್ಲಿ ಶರತ್ಕಾಲದ ಮಳೆಗೆ ಗುಂಡಿ ತುಂಬುತ್ತದೆ, ಚಳಿಗಾಲವೆಲ್ಲ ಮೀನು ಬೆಳೆಯುತ್ತದೆ, ಬೇಸಿಗೆಗೆ ಗುಂಡಿ ಒಣಗುತ್ತದೆ. ಬಿಸಿಲಿನಲ್ಲಿ ಇರಬೇಕಾದದ್ದು ಮೊಟ್ಟೆ, ಮೀನಲ್ಲ. ಇದಕ್ಕೆ 16ರಿಂದ 22 ಡಿಗ್ರಿ ಹಿತ, 24ರ ತನಕ ಪರವಾಗಿಲ್ಲ.

ಲಿಯು ಮತ್ತು ವಾಲ್ಫೋರ್ಡ್ ಎಂಬವರು 1960-70ರ ದಶಕಗಳಲ್ಲಿ ಇದೇ ಬಳಗದ ಬೆಲ್ಲೊಟ್ಟಿ ಮೀನಿನ ಮೇಲೆ ಪ್ರಯೋಗ ಮಾಡಿದ್ದರು. 15 ಡಿಗ್ರಿ ಆಸುಪಾಸಿನಲ್ಲಿ ಸಾಕಿದವು 20 ಡಿಗ್ರಿಯವಕ್ಕಿಂತ ಹೆಚ್ಚು ಕಾಲ ಬದುಕಿದವು, ದೊಡ್ಡದಾಗಿಯೂ ಬೆಳೆದವು. ಹಾಗಿದ್ದರೆ 30ರಲ್ಲಿ ಏನಾದೀತು ಯೋಚಿಸಿ. ಮರಿ ಬೇಗ ಬಣ್ಣ ಕಟ್ಟುತ್ತದೆ, ಬೇಗ ಬತ್ತುತ್ತದೆ, ಮೊಟ್ಟೆ ಇಟ್ಟರೂ ಹೆಚ್ಚಿನವು ಬಿಳಿ.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅದೇ ನಮ್ಮ ಭಾಗ್ಯ. ಜೂನ್ ಕೊನೆಯಿಂದ ಫೆಬ್ರವರಿ ತನಕ ನೆಲದ ಮೇಲಿಟ್ಟ ಟ್ಯಾಂಕು ಚಿಲ್ಲರ್ ಇಲ್ಲದೆ 20-25ರಲ್ಲಿ ನಿಲ್ಲುತ್ತದೆ. ಆದ್ದರಿಂದ ರೈತರ ಹಾಗೆ ಎರಡು ಬೆಳೆ ತೆಗೆಯಬೇಕು. ಮುಂಗಾರು ಬೆಳೆ: ಜುಲೈ ಮೊದಲ ವಾರ ನೆನೆಸಿದರೆ ಸೆಪ್ಟೆಂಬರ್‌ಗೆ ಜೋಡಿ ತಯಾರು, ನವೆಂಬರ್ ತನಕ ಮೊಟ್ಟೆ. ಹಿಂಗಾರು ಬೆಳೆ: ಸೆಪ್ಟೆಂಬರ್‌ನಲ್ಲಿ ತೆಗೆದ ಪೀಟನ್ನು ಡಿಸೆಂಬರ್ ನಡುವೆ ನೆನೆಸಿದರೆ ಫೆಬ್ರವರಿಯಲ್ಲಿ ಮೊಟ್ಟೆ ಶುರು, ಸೆಕೆ ಏರುವ ಮೊದಲೇ ನಾಲ್ಕೈದು ಚೀಲ ಕೈಗೆ. ಆ ಚೀಲಗಳು ಬೇಸಿಗೆ ದಾಟಿ ಮತ್ತೆ ಜುಲೈಗೆ. ಈ ಚಕ್ರ ತಪ್ಪಿಸಿ ಏಪ್ರಿಲ್‌ನಲ್ಲಿ ನೀರು ಹಾಕಿದವರ ತಳಿ ಉಳಿಯುವುದು ಕಷ್ಟ.

ಮೊಯ್ನಾ ಡಬ್ಬಿ:
ಬೆಳೆಯ ಲೆಕ್ಕ ಸರಿ, ಒಪ್ಪಿದೆ. ಆದರೆ ನೈಗ್ರಿಪಿನ್ನಿಸ್ 25 ಡಿಗ್ರಿಯಲ್ಲಿ ಮೂರು ತಿಂಗಳಿಗೇ ಬಲಿಯುತ್ತದೆ. ಜುಲೈ ತನಕ ಹಿಡಿದಿಡುವುದು ಹೇಗೆ ಅಂತ ಹೇಳಬೇಕಲ್ಲ? ಫ್ರಿಜ್ಜಿಗೆ ಹಾಕಿಬಿಡುವವರಿದ್ದಾರೆ.

ಹಳೇ ಗಾಜು:
ಫ್ರಿಜ್ ಬೇಡ, 4 ಡಿಗ್ರಿಗೆ ತಟ್ಟನೆ ಇಳಿಸುವುದು ಜೂಜು. ಬೇಕಾದದ್ದು 18-20. ಎರಡು ದಾರಿ ಇವೆ. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದೊಂದು ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ದಿನಕ್ಕೆರಡು ಸಲ ಮರಳಿಗೆ ನೀರು ಹಾಕಿ. ಚಿಕ್ಕ ಮಡಕೆಯೊಳಗೆ ಗಾಳಿಯಾಡದ ಡಬ್ಬಿ, ಡಬ್ಬಿಯೊಳಗೆ ಚೀಲ, ಮೇಲೆ ಒದ್ದೆ ಗೋಣಿ. ಮಾರ್ಚ್-ಏಪ್ರಿಲ್‌ನ ಒಣಗಾಳಿಯಲ್ಲಿ ಕೋಣೆಗಿಂತ ನಾಲ್ಕೈದು ಡಿಗ್ರಿ ಇಳಿಯುತ್ತದೆ, ಗಾಳಿ ಓಡಾಡುವ ಕಡೆ ಇನ್ನೂ ಹೆಚ್ಚು. ಎರಡನೆಯದು ಥರ್ಮೋಕೋಲ್ ಪೆಟ್ಟಿಗೆ ಮತ್ತು ಬೆಳಿಗ್ಗೆ ಸಂಜೆ ಒಂದೊಂದು ಅರ್ಧ ಲೀಟರಿನ ಹೆಪ್ಪುಗಟ್ಟಿದ ಬಾಟಲಿ. ಬಾಟಲಿ ಚೀಲಕ್ಕೆ ತಾಗಬಾರದು, ನಡುವೆ ದಪ್ಪ ರಟ್ಟು ಇರಲಿ. ಡಿಜಿಟಲ್ ಥರ್ಮಾಮೀಟರಿನ ತಂತಿ ಚೀಲದ ಪಕ್ಕದಲ್ಲೇ ಇರಲಿ, ಮುಚ್ಚಳದ ಬಳಿ ಅಲ್ಲ.

ಕಣ್ಣು ಬಂದ ಮೊಟ್ಟೆಯನ್ನು ಹೀಗೆ ಇಟ್ಟರೂ ಮೂರು ತಿಂಗಳು ತಡೆಯುತ್ತದೆ ಅಂತ ಭರವಸೆ ಕೊಡಲಾರೆ. ಕಣ್ಣು ಬರದವು ಮಾತ್ರ ಚೆನ್ನಾಗಿ ತಡೆಯುತ್ತವೆ.

ಕೆಸರುಮೊಟ್ಟೆ:
ಅದಕ್ಕೇ ಮೊದಲು ಎಣಿಸಿ ಅಂದದ್ದು. ಬಹುಪಾಲು ಕಣ್ಣು ಬಂದಿದ್ದರೆ ಈಗಲೇ ನೆನೆಸಿ, ಟ್ಯಾಂಕನ್ನು ನೆಲಕ್ಕಿಳಿಸಿ ಫ್ಯಾನ್ ಕಟ್ಟಿ. ನೀರಿನ ಮೇಲೆ ಓರೆಯಾಗಿ ಬೀಸುವ ಒಂದು ಚಿಕ್ಕ ಫ್ಯಾನು 2-4 ಡಿಗ್ರಿ ಇಳಿಸುತ್ತದೆ. ಆವಿಯಾದಷ್ಟು ನೀರನ್ನು ಆರ್‌ಒದಿಂದಲೇ ತುಂಬಿ, ಬೋರ್‌ವೆಲ್ ಸುರಿದರೆ ಉಪ್ಪಿನಂಶ ಏರುತ್ತಾ ಹೋಗುತ್ತದೆ. ಬಹುಪಾಲು ಬಂದಿಲ್ಲದಿದ್ದರೆ ಮಡಕೆ.

ನೀರಹದ:
ನೀರಿನ ವಿಷಯ. 640 ಈ ಮೀನಿಗೆ ಜಾಸ್ತಿ. ಒಂದು ಪಾಲು ಬೋರ್‌ವೆಲ್, ಮೂರು ಪಾಲು ಆರ್‌ಒ ಬೆರೆಸಿದರೆ 160-170ಕ್ಕೆ ಬರುತ್ತದೆ, ಅಷ್ಟು ಸಾಕು. ಬರೀ ಆರ್‌ಒ ಹಾಕಬೇಡಿ. ಹುಳಿಯನ್ನು ತಡೆಯುವ ಕ್ಷಾರಾಂಶ ಇಲ್ಲದೆ, ಪೀಟಿನ ಹುಳಿಗೆ ಪಿಎಚ್ ಕುಸಿದು ಮರಿಗಳು ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಕಾವೇರಿ ನೀರು ಬರುವ ಮನೆಯವರಿಗೆ ಬೆರೆಸುವ ಕೆಲಸ ಕಡಿಮೆ, ಆದರೆ ಕ್ಲೋರಿನ್ ತೆಗೆಯಲೇಬೇಕು. 100 ಮಿ.ಲೀ. ನೀರಿಗೆ 10 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಕರಗಿಸಿಟ್ಟುಕೊಂಡು, 10 ಲೀಟರಿಗೆ 1 ಮಿ.ಲೀ. ಹಾಕಿ. ಟ್ಯಾಂಕರ್ ನೀರು ಲೋಡಿನಿಂದ ಲೋಡಿಗೆ ಬದಲಾಗುತ್ತದೆ, ಪ್ರತಿ ಸಲ ಮೀಟರ್ ಅದ್ದದೆ ಬಳಸಬೇಡಿ.

ಉಪ್ಪು: ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 1 ಗ್ರಾಂ, ಮರಿ ಹುಟ್ಟಿದ ಎರಡನೇ ದಿನದಿಂದ. ಈ ಮೀನಿನ ದೊಡ್ಡ ಶತ್ರು ವೆಲ್ವೆಟ್, ಒಂದು ಸೂಕ್ಷ್ಮ ಪರಾವಲಂಬಿಯಿಂದ ಬರುವ ರೋಗ. ದೀಪ ಆರಿಸಿ, ತಲೆಯ ಕಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟರೆ ಮೈಮೇಲೆ ಅರಿಶಿನ ಉದುರಿಸಿದಂಥ ಧೂಳು ಹೊಳೆಯುತ್ತದೆ. ಮೀನು ರೆಕ್ಕೆ ಮುಚ್ಚಿಕೊಂಡು ಕಲ್ಲಿಗೆ ಮೈ ಉಜ್ಜುತ್ತದೆ. ಕಂಡ ದಿನವೇ ಉಪ್ಪನ್ನು ಎರಡು ದಿನದಲ್ಲಿ ಹಂತ ಹಂತವಾಗಿ 3 ಗ್ರಾಂಗೆ ಏರಿಸಿ, ಟ್ಯಾಂಕಿಗೆ ಕಪ್ಪು ಬಟ್ಟೆ ಮುಚ್ಚಿ. ಆ ಪರಾವಲಂಬಿ ಬೆಳಕನ್ನೂ ಉಂಡು ಬದುಕುತ್ತದೆ, ಕತ್ತಲೆ ಅದನ್ನು ಸೊರಗಿಸುತ್ತದೆ. ಮರಿಗಳಲ್ಲಿ ಧೂಳು ಕಾಣುವ ಹೊತ್ತಿಗೆ ಅರ್ಧ ಹೋಗಿರುತ್ತವೆ, ಆದ್ದರಿಂದ ಮೊದಲಿಂದಲೂ ಉಪ್ಪು.

ಮೊಯ್ನಾ ಡಬ್ಬಿ:
ನೆನೆಸುವ ಕ್ರಮ ನಾನು ಬರೆಯುತ್ತೇನೆ. ಅಗಲವಾದ ಟ್ರೇ, 5 ಲೀಟರಿನದು. ನೀರು 17-18 ಡಿಗ್ರಿ, ಐಸನ್ನು ಜಿಪ್ ಚೀಲದಲ್ಲಿ ಹಾಕಿ ತೇಲಿಬಿಟ್ಟರೆ ಆಗುತ್ತದೆ. ಪೀಟನ್ನು ಪುಡಿ ಮಾಡಿ ಹಾಕಿದ ಮೇಲೆ ನೀರು 5 ಸೆಂ.ಮೀ. ಗಿಂತ ಆಳ ಇರಬಾರದು. ಮರಿ ಹುಟ್ಟಿದ ಕೂಡಲೇ ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಈಜುಚೀಲ ತುಂಬಿಸಿಕೊಳ್ಳಬೇಕು, ಆಳ ಹೆಚ್ಚಾದರೆ ದುರ್ಬಲ ಮರಿ ತಲುಪುವುದಿಲ್ಲ. ಏರೇಟರ್ ಹಾಕಬೇಡಿ. ನೀರಲ್ಲಿ ಆಮ್ಲಜನಕ ಇಳಿದರೇ ಮರಿಗೆ ಹೊರಬರುವ ಸೂಚನೆ ಸಿಗುವುದು, ಅದಕ್ಕೇ ಕೆಲವರು ಚಿಟಿಕೆ ಮೀನಿನ ಆಹಾರ ಉದುರಿಸಿ ನೀರನ್ನು ಸ್ವಲ್ಪ ಹಳಸಲು ಬಿಡುತ್ತಾರೆ.

ಸಂಜೆ ನೆನೆಸಿ. ಕೆಲವು ನಾಲ್ಕೈದು ಗಂಟೆಗೇ ಒಡೆಯುತ್ತವೆ, ಹೆಚ್ಚಿನವು ಬೆಳಗಾಗುವುದರೊಳಗೆ. ಟ್ರೇಯ ಒಂದು ಮೂಲೆಗೆ ಟಾರ್ಚ್ ಇಟ್ಟರೆ ಮರಿಗಳು ಬೆಳಕಿಗೆ ಬರುತ್ತವೆ. ಬಲೆ ಹಾಕಬೇಡಿ, ಚಮಚದಲ್ಲಿ ನೀರಿನ ಸಮೇತ ಎತ್ತಿ. 48 ಗಂಟೆ ಆದ ಮೇಲೆ ಪೀಟನ್ನು ಸೋಸಿ, ಮತ್ತೆ ಒಣಗಿಸಿ ಚೀಲಕ್ಕೆ ಹಾಕಿ. ಎಸೆಯಲೇಬೇಡಿ. ಮೊದಲ ಮಳೆ ಮೋಸ ಮಾಡಿದರೆ ವಂಶ ಉಳಿಯಲಿ ಅಂತ ಒಂದು ಪಾಲು ಮೊಟ್ಟೆ ಹಿಂದೆ ಉಳಿಯುವುದು ಈ ಮೀನಿನ ಹುಟ್ಟುಗುಣ. ನಾಲ್ಕು ವಾರದ ಬಳಿಕ ಎರಡನೇ ಸಲ ನೆನೆಸಿದಾಗಲೂ ಮರಿ ಬರುತ್ತವೆ.

ಕಣ್ಣು ಬಂದೂ ಒಡೆಯದೆ ಕೂತ ಮೊಟ್ಟೆಗೆ: ಚಿಕ್ಕ ಔಷಧಿ ಸೀಸೆಗೆ ಅಂಚಿನ ತನಕ ನೀರು ತುಂಬಿ, ಮೊಟ್ಟೆ ಮತ್ತು ಒಂದು ಚೂರು ಮೈಕ್ರೋವರ್ಮ್ (ಮರಿಗಳಿಗೆ ಕೊಡುವ ಸಣ್ಣ ಹುಳು) ಹಾಕಿ ಮುಚ್ಚಿ, ಒಂದು ಗಂಟೆ ಶರ್ಟಿನ ಜೇಬಲ್ಲಿಟ್ಟು ಓಡಾಡಿ. ಮೈಯ ಕಾವು, ಅಲುಗಾಟ, ಉಸಿರುಗಟ್ಟು ಮೂರೂ ಸೇರಿ ಕೆಲಸ ಮಾಡುತ್ತವೆ. ಒಡೆದ ತಕ್ಷಣ ಟ್ರೇಗೆ ಸುರಿಯಬೇಕು.

ಬನಶಂಕರಿ ಟ್ಯಾಂಕ್:
ಮರಿಗೆ ಮೊದಲ ದಿನ ಏನು?

ಮೊಯ್ನಾ ಡಬ್ಬಿ:
ನೈಗ್ರಿಪಿನ್ನಿಸ್ ಮರಿಯ ಬಾಯಿ ದೊಡ್ಡದೇ. ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿ) ಮರಿಯನ್ನು ಮೊದಲ ದಿನದಿಂದಲೇ ತಿನ್ನುತ್ತವೆ, ತಿಂದದ್ದು ಕಿತ್ತಳೆ ಹೊಟ್ಟೆಯಲ್ಲಿ ಕಾಣುತ್ತದೆ. ಆರ್ಟೀಮಿಯಾ ಮೊಟ್ಟೆಗೆ ಬೇರೆ ಪಾತ್ರೆಯಲ್ಲಿ ಲೀಟರಿಗೆ 25 ಗ್ರಾಂ ಉಪ್ಪು, 27 ಡಿಗ್ರಿ, ಜೋರು ಗಾಳಿ, ಬೆಳಕು: 24 ಗಂಟೆಗೆ ಒಡೆಯುತ್ತದೆ. ಈಗಿನ ಸೆಕೆಯಲ್ಲಿ ಹೀಟರ್ ಬೇಡ. ಹೊಸ ಬ್ಯಾಚನ್ನು ದಿನಾ ಹಾಕಿ, ಒಡೆದು ಒಂದು ದಿನ ಕಳೆದ ಆರ್ಟೀಮಿಯಾದಲ್ಲಿ ಸಾರ ಇರುವುದಿಲ್ಲ. ದಿನಕ್ಕೆ ಎರಡು ಸಲ ಕೊಡಿ, ಮೂರಾದರೆ ಇನ್ನೂ ಒಳ್ಳೆಯದು. ಉಳಿದದ್ದನ್ನು ಪೈಪಿನಿಂದ ಎಳೆದು, ದಿನಕ್ಕೆ ಕಾಲು ಭಾಗ ನೀರು ಬದಲಿಸಿ. ಒಂದು ದಿನ ಉಪವಾಸ ಕೆಡವಿದರೂ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತವೆ, ಆರು-ಎಂಟು ವಾರಕ್ಕೆ ಪ್ರಾಯಕ್ಕೆ ಬರುವ ಮೀನು ಇದು. ಎರಡನೇ ವಾರದಿಂದ ಮೊಯ್ನಾ (ನೀರಿನ ಚಿಗಟ), ತಿಂಗಳಿಗೆ ಗ್ರಿಂಡಲ್ ಹುಳು. ಮೋರಿಯಿಂದ ತೆಗೆದ ಟ್ಯುಬಿಫೆಕ್ಸ್ ಹುಳು ಮಾತ್ರ ಬೇಡ, ರೋಗವನ್ನು ಕೈಯಾರೆ ತಂದು ಹಾಕಿದ ಹಾಗೆ.

ಕೆಸರುಮೊಟ್ಟೆ:
ಕೊಕೊಪಿಟ್ ಪ್ರಶ್ನೆಗೆ ಉತ್ತರ ಬಾಕಿ ಇದೆ. ಸಾಕು, ಚೆನ್ನಾಗಿ ತೊಳೆದರೆ. ಸಿದ್ದಾಪುರದ ನರ್ಸರಿಗಳಲ್ಲಿ 650 ಗ್ರಾಂ ಇಟ್ಟಿಗೆ ಸಿಗುತ್ತದೆ. ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿದ್ದನ್ನು ಮುಟ್ಟಬೇಡಿ, ವಾಸನೆ ನೋಡಿದರೇ ಗೊತ್ತಾಗುತ್ತದೆ. ನೆನೆಸಿ, ಹಿಂಡಿ, ನೀರು ಚೆಲ್ಲಿ, ಹೀಗೆ ಆರೇಳು ಸಲ. ತೆಂಗಿನ ನಾರಿನಲ್ಲಿ ಉಪ್ಪು ಇರುತ್ತದೆ, ಹಿಂಡಿದ ನೀರಿನ ಟಿಡಿಎಸ್ ನೀವು ಹಾಕಿದ ನೀರಿಗಿಂತ 30ಕ್ಕಿಂತ ಹೆಚ್ಚಿರಬಾರದು. ಆಮೇಲೆ ಅರ್ಧ ಗಂಟೆ ಕುದಿಸಿ, ಇಲ್ಲವಾದರೆ ತೇಲುತ್ತದೆ. ಉದ್ದ ನಾರನ್ನು ಆರಿಸಿ ತೆಗೆಯಿರಿ, ಮೊಟ್ಟೆ ಅದಕ್ಕೆ ಸಿಕ್ಕಿಕೊಂಡರೆ ಬಿಡಿಸುವಾಗ ಒಡೆಯುತ್ತದೆ.

ನೀರಹದ:
ಕೊಕೊಪಿಟ್‌ನಲ್ಲಿ ಮೊಟ್ಟೆ ಇಡುತ್ತವೆ, ನಿಜ. ಆದರೆ ತಿಂಗಳುಗಟ್ಟಲೆ ಚೀಲದಲ್ಲಿ ಇಡಲು ಸ್ಫ್ಯಾಗ್ನಮ್ ಪೀಟೇ ಮೇಲು. ಅದರ ಹುಳಿ ಬೂಷ್ಟನ್ನು ತಡೆಯುತ್ತದೆ. ಕೊಕೊಪಿಟ್‌ಗೆ ಆ ಗುಣ ಕಡಿಮೆ, ಒಂದು ಮೊಟ್ಟೆ ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ನೈಗ್ರಿಪಿನ್ನಿಸ್‌ಗೆ ಮೂರ್ನಾಲ್ಕು ತಿಂಗಳು, ನಡೆಯುತ್ತದೆ. ಟೆರೊಲೆಬಿಯಾಸ್, ನ್ಯಾಥೊಲೆಬಿಯಾಸ್ ಥರದ ಬೇರೆ ಕಿಲ್ಲಿಗಳಿಗೆ ಅರ್ಧ ವರ್ಷ ಕಾಯಬೇಕು, ಅವಕ್ಕೆ ನಾನು ಕೊಕೊಪಿಟ್ ಹೇಳುವುದಿಲ್ಲ.

ಕೆಸರುಮೊಟ್ಟೆ:
ಒಪ್ಪುತ್ತೇನೆ, ಅರ್ಧಕ್ಕರ್ಧ ಬೆರೆಸಿದರೂ ಲಾಭ ಇದೆ. ಆದರೆ ಬೂಷ್ಟಿಗೆ ಮೊದಲ ಕಾರಣ ತೇವ ಹೆಚ್ಚಾಗಿರುವುದು.

ಮೊಟ್ಟೆ ಇಡಿಸುವ ಡಬ್ಬಿ: ಒಂದೂವರೆ-ಎರಡು ಲೀಟರಿನ ಐಸ್‌ಕ್ರೀಂ ಡಬ್ಬಿ, ಮುಚ್ಚಳದಲ್ಲಿ 5 ಸೆಂ.ಮೀ. ತೂತು, ಒಳಗೆ 8 ಸೆಂ.ಮೀ. ಪೀಟ್. ಆಫ್ರಿಕಾದ ನೊಥೊಬ್ರಾಂಕಿಯಸ್ ಕಿಲ್ಲಿಗಳಿಗೆ ಎರಡು ಬೆರಳು ಪೀಟ್ ಸಾಕು, ಅವು ಮೇಲ್ಪದರದಲ್ಲೇ ಇಡುತ್ತವೆ. ಇವು ಹಾಗಲ್ಲ. ಗಂಡು ಕಪ್ಪು ರೆಕ್ಕೆ ಪೂರ್ತಿ ಬಿಚ್ಚಿ, ತಲೆ ಕೆಳಗೆ ಮಾಡಿ ನಡುಗುತ್ತಾ ನಿಲ್ಲುತ್ತದೆ. ಮೈಮೇಲಿನ ಚುಕ್ಕೆಗಳು ಆ ಗಳಿಗೆಯಲ್ಲಿ ನೀಲಿ-ಹಸಿರು ಕಿಡಿಯಂತೆ ಮಿನುಗುತ್ತವೆ. ಹೆಣ್ಣು ಪಕ್ಕಕ್ಕೆ ಬಂದು ಮೈ ತಾಗಿಸಿದೊಡನೆ ಎರಡೂ ಮೂತಿಯಿಂದ ಪೀಟನ್ನು ಸೀಳಿಕೊಂಡು ಒಳಗೆ ಮುಳುಗುತ್ತವೆ, ಬಾಲವೂ ಕಾಣುವುದಿಲ್ಲ. ಪೀಟ್ ಒಮ್ಮೆ ಉಬ್ಬಿ ಇಳಿಯುತ್ತದೆ. ಕೆಲವು ಕ್ಷಣ ಬಿಟ್ಟು ಬೇರೆಲ್ಲಿಂದಲೋ ಎದ್ದು ಬರುತ್ತವೆ. ಪೀಟ್ ತೆಳುವಾಗಿದ್ದರೆ ಮುಳುಗಲಾಗದೆ ಮೂತಿ ತರಚಿಕೊಳ್ಳುತ್ತವೆ, ಮೊಟ್ಟೆಯೂ ಕಡಿಮೆ. 7 ಸೆಂ.ಮೀ. ಬೆಳೆಯುವ ಬೆಲ್ಲೊಟ್ಟಿಗೆ 12 ಸೆಂ.ಮೀ. ಪೀಟ್ ಕೊಡಿ.

40 ಲೀಟರಿನ ಟ್ಯಾಂಕಿಗೆ ಒಂದು ಗಂಡು, ಮೂರು ಹೆಣ್ಣು. ಒಂದೇ ಹೆಣ್ಣು ಬಿಟ್ಟರೆ ಗಂಡು ಅಟ್ಟಿ ಅಟ್ಟಿ ಕೊಲ್ಲುತ್ತದೆ. ಸ್ಪಂಜ್ ಫಿಲ್ಟರ್ ನಿಧಾನಕ್ಕೆ, ಮೇಲೆ ಗಟ್ಟಿ ಮುಚ್ಚಳ. 10-14 ದಿನಕ್ಕೊಮ್ಮೆ ಪೀಟ್ ತೆಗೆದು ಬಲೆಯಲ್ಲಿ ಸೋಸಿ, ಮೆಲ್ಲಗೆ ಹಿಂಡಿ, ಹಳೇ ಪತ್ರಿಕೆಯ ಮೇಲೆ ಹರಡಿ. ಬೇಸಿಗೆಯಲ್ಲಿ ಅರ್ಧ ದಿನ ಸಾಕು, ಮಳೆಗಾಲದಲ್ಲಿ ಒಂದು ದಿನಕ್ಕಿಂತ ಹೆಚ್ಚೇ ಬೇಕು. ಹದ ಹೀಗೆ: ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು, ಅಂಗೈಗೆ ತಂಪು ಹತ್ತಬೇಕು, ನೀರು ಹತ್ತಬಾರದು. ಚೀಲದ ಒಳಗೋಡೆಯಲ್ಲಿ ಮರುದಿನ ಹನಿ ಕಟ್ಟಿದರೆ ಇನ್ನೂ ಒದ್ದೆ, ಮತ್ತೆ ಹರಡಿ.

ಹಳೇ ಗಾಜು:
ಚಿಲ್ಲರ್ ಇಲ್ಲದೆ ವರ್ಷವಿಡೀ ಮೀನು ಕಣ್ಣೆದುರು ಇರಬೇಕು ಅನ್ನುವವರು ಬೇರೆ ಜಾತಿ ಹಿಡಿಯಲಿ. ರಿಯೊ ಡಿ ಜನೈರೊ ಕರಾವಳಿಯ ನೆಮಟೊಲೆಬಿಯಾಸ್ ವೈಟೀ 26 ಡಿಗ್ರಿ ತಾಳುತ್ತದೆ, ಹೊಸಬರ ಕೈಗೂ ಒಗ್ಗುತ್ತದೆ. ಬ್ರೆಜಿಲ್ಲಿನ ಸಾವೊ ಫ್ರಾನ್ಸಿಸ್ಕೊ ನದಿ ಸೀಮೆಯ ಹಿಪ್ಸೊಲೆಬಿಯಾಸ್ ಮೀನುಗಳು ಬಿಸಿಲು ನಾಡಿನವು, 28ಕ್ಕೂ ಜಗ್ಗುವುದಿಲ್ಲ. ಆದರೆ ಅವುಗಳ ಮರಿ ಸಣ್ಣದು, ಮೊದಲ ನಾಲ್ಕೈದು ದಿನ ಇನ್‌ಫ್ಯೂಸೋರಿಯಾ (ನೀರಿನ ಸೂಕ್ಷ್ಮಜೀವಿಗಳು) ಇಲ್ಲವೇ ವಿನೆಗರ್ ಹುಳು ಬೇಕು.

ಹೆಸರಿನ ವಿಷಯ ಒಂದು ಮಾತು. 2023ರಲ್ಲಿ ಆಸ್ಟ್ರೋಲೆಬಿಯಾಸ್ ಕುಲವನ್ನು ಒಡೆದರು, ಹೊಸ ಪಟ್ಟಿಯಲ್ಲಿ ಇದು ಅರ್ಗೊಲೆಬಿಯಾಸ್ ನೈಗ್ರಿಪಿನ್ನಿಸ್. ಎರಡೂ ಹೆಸರಲ್ಲಿ ಚೀಲ ಸಿಗುತ್ತದೆ, ಬೇರೆ ಬೇರೆ ಮೀನು ಅಂದುಕೊಳ್ಳಬೇಡಿ. ಚೀಲದ ಮೇಲೆ ಊರಿನ ಹೆಸರೋ ಸಂಗ್ರಹದ ಸಂಖ್ಯೆಯೋ ಇದ್ದರೆ ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ. ಎರಡು ಊರಿನ ಮೀನನ್ನು ಒಂದೇ ಟ್ಯಾಂಕಿಗೆ ಬಿಟ್ಟು ತಳಿ ಕೂಡಿಸುವುದು ದೊಡ್ಡ ತಪ್ಪು. ಅವುಗಳ ಗುಂಡಿಗಳು ಅಲ್ಲಿ ಹೊಲಗದ್ದೆಗೆ, ರಸ್ತೆಗೆ ಹೋಗುತ್ತಿವೆ, ಕಲಬೆರಕೆಯಾದ ತಳಿಯನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಹೆಚ್ಚಾದ ಮೀನನ್ನೋ ಬಳಸಿದ ಪೀಟನ್ನೋ ನಮ್ಮ ಕೆರೆ, ರಾಜಕಾಲುವೆಗೆ ಸುರಿಯುವುದಂತೂ ಕೂಡದು. ಪೀಟನ್ನು ಕುದಿಸಿ, ಆಮೇಲೆ ಕುಂಡಕ್ಕೆ ಹಾಕಿ.

ಬನಶಂಕರಿ ಟ್ಯಾಂಕ್:
ಭೂತಗನ್ನಡಿಯಲ್ಲಿ ಹತ್ತು ಮೊಟ್ಟೆ ನೋಡಿದ್ದಾಯಿತು. ಒಂದು ಬಿಳಿ. ಆರರಲ್ಲಿ ಗೆರೆ ಮಾತ್ರ, ಕಣ್ಣಿಲ್ಲ. ಎರಡರಲ್ಲಿ ಕಪ್ಪು ಚುಕ್ಕೆ, ಬಳೆ ಇಲ್ಲ. ಒಂದರಲ್ಲಿ ಮಾತ್ರ ಬಂಗಾರದ ಕಣ್ಣು. ಪೀಟ್ ಒತ್ತಿದರೆ ಉಂಡೆ ನಿಲ್ಲುತ್ತದೆ, ಉದುರುವುದಿಲ್ಲ.

ಕೆಸರುಮೊಟ್ಟೆ:
ಹಾಗಾದರೆ ನೆನೆಸಬೇಡಿ. ತೇವ ಒಂದು ಗುಟುಕು ಜಾಸ್ತಿ ಇದೆ: ನೆರಳಲ್ಲಿ ಎರಡು ಗಂಟೆ ಹರಡಿ, ಫ್ಯಾನ್ ಕೆಳಗೆ ಬೇಡ. ಬಿಳಿಯದನ್ನು ಚಿಮಟಿಯಿಂದ ತೆಗೆದುಬಿಡಿ. ಬಂಗಾರದ ಕಣ್ಣಿನ ಒಂದನ್ನು ಬೇಕಾದರೆ ಸೀಸೆಯಲ್ಲಿ ಒಡೆಸಿ ನೋಡಿ, ಉಳಿದದ್ದು ಮಡಕೆಗೆ.

ಹಳೇ ಗಾಜು:
20 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ. ಮಡಕೆಯಲ್ಲಿ ಅಷ್ಟಕ್ಕೆ ಇಳಿಯದಿದ್ದರೆ ಥರ್ಮೋಕೋಲ್ ಪೆಟ್ಟಿಗೆಗೆ ಬದಲಿಸಿ. ಏಪ್ರಿಲ್ ಕೊನೆಗೆ ಮತ್ತೆ ಹತ್ತು, ಮೇ ಕೊನೆಗೆ ಮತ್ತೆ ಹತ್ತು ಮೊಟ್ಟೆ. ಜೂನ್ ನಡುವೆ ಚೀಲವನ್ನು ಹೊರತೆಗೆದು 24-25ರ ಕೋಣೆಯಲ್ಲಿಡಿ, ಕಣ್ಣು ಬರಲು ಆ ಕಾವು ಬೇಕು. ಚೀಲದ ಮೇಲೆ ಡಿಸೆಂಬರ್ 20ನ್ನು ಅಳಿಸದೆ, ಅದರ ಕೆಳಗೆ ಇವತ್ತಿನ ತಾರೀಖು ಮತ್ತು '10ಕ್ಕೆ 1' ಅಂತ ಬರೆಯಿರಿ.